ಹನುಮಯ್ಯನ ಹತ್ತು ಗಂಡಿ

ನಮ್ಮೂರು ಹುಣಸೇಕಟ್ಟೆಯ ಕೆರೆಗೆ ಒಂದು ಹಳೆಯ ಕೋಡಿ ಇದೆ. ಅಲ್ಲಿ ಸೊಂಟದೆತ್ತರದ ಹನ್ನೊಂದು ಕಲ್ಲುಗಳು ಸಾಲಾಗಿ ನಿಂತಿವೆ. ಕಲ್ಲಿಗೂ ಕಲ್ಲಿಗೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಸಂದು. ಆ ಸಂದಿಗೆ ನಾವು ಗಂಡಿ ಅನ್ನುತ್ತೇವೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಈ ಹತ್ತು ಗಂಡಿಗಳಲ್ಲಿ ಹರಿದು ಕೆಳಗಿನ ಕಾಲುವೆಗೆ ಬೀಳುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡಿಗಳಿಗೆ ಜೇಡಿಮಣ್ಣು, ರಾಗಿಹುಲ್ಲು ತುರುಕಿ ಕಟ್ಟಿದರೆ ಕೆರೆಯಲ್ಲಿ ಇನ್ನೊಂದು ಮೊಳ ನೀರು ಹೆಚ್ಚಿಗೆ ನಿಲ್ಲುತ್ತದೆ. ಒಂದೇ ಮೊಳವೇ ಎಂದು ಮೂಗು ಮುರಿಯಬೇಡಿ. ಬೇಸಿಗೆಯಲ್ಲಿ ಊರಿನ ಬೋರ್‌ವೆಲ್ಲುಗಳು ಎರಡು ತಿಂಗಳು ಉಸಿರಾಡುವುದು ಆ ಒಂದು ಮೊಳದಿಂದ.

ಗಂಡಿ ಕಟ್ಟುವುದು, ಬಿಡುವುದು ನೀರಗಂಟಿಯ ಕೆಲಸ. ನಮ್ಮೂರ ನೀರಗಂಟಿ ಹನುಮಯ್ಯ. ಅವನಿಗೆ ಮುಂಚೆ ಅವನ ಅಪ್ಪ, ಅದಕ್ಕೆ ಮುಂಚೆ ಅಜ್ಜ. ಒಣಕಲು ಮೈ, ತಲೆಗೆ ಸುತ್ತಿದ ಟವೆಲ್ಲು, ಹೆಗಲ ಮೇಲೆ ಸನಿಕೆ. ಮಾತು ಬಹಳ ಕಡಿಮೆ. ಒಂದು ಪ್ರಶ್ನೆ ಕೇಳಿದರೆ ಕೆರೆಯ ಕಡೆ ನೋಡಿ, ನಮ್ಮ ಕಡೆ ನೋಡಿ, ಬೀಡಿ ಹಚ್ಚಿ, ಆಮೇಲೆ ಉತ್ತರ ಕೊಡುತ್ತಿದ್ದ. ಅಷ್ಟರಲ್ಲಿ ಕೇಳಿದವನಿಗೆ ಪ್ರಶ್ನೆಯೇ ಮರೆತಿರುತ್ತಿತ್ತು. ನನ್ನಂಥ ಮುಂಗೋಪಿಗೆ ಅವನ ಜೊತೆ ಮಾತಾಡುವುದು ಒಂದು ಶಿಕ್ಷೆ.

ಆದರೆ ಕೆರೆ ವಿಷಯದಲ್ಲಿ ಅವನದು ಎರಡು ಕಟ್ಟಳೆ. ಗಂಡಿ ಕಟ್ಟಿದವನೇ ಬಿಡಬೇಕು, ಬೇರೆಯವರು ಕೈ ಹಾಕಕೂಡದು. ಕಟ್ಟಿದ ಗಂಡಿ ಬಿಡುವ ಮುಂಚೆ ಕಾಲುವೆಯುದ್ದಕ್ಕೂ ನಡೆದು ‘ಕೋಡಿ ಬಿಡ್ತೀನಿ’ ಎಂದು ಪ್ರತಿ ಹೊಲದಲ್ಲೂ ಕೂಗಿ ಹೇಳಬೇಕು. ಕೆಳಗೆ ದನ ಕಟ್ಟಿದವರು, ಮೆದೆ ಹಾಕಿದವರು ಎತ್ತಿಕೊಳ್ಳಲಿ ಎಂದು.

ನಾನು ಚಿಕ್ಕವನಿದ್ದಾಗ ಕೆಳಗೆ ಹೊಲಗಳಿದ್ದವು. ಆಮೇಲೆ ವರ್ತೂರಿನ ಕಡೆಯಿಂದ ಅಪಾರ್ಟ್‌ಮೆಂಟುಗಳು ನಮ್ಮ ಕಡೆಗೆ ನಡೆದು ಬಂದವು. ಅವನ್ನು ಕಟ್ಟುವ ಜನಕ್ಕೆ ಬಾಡಿಗೆ ರೂಮು ಬೇಕಾಯಿತು. ಆಗ ನಾನು ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದೆ. ೨೦೦೪ರಲ್ಲಿ, ಮೂರು ವರ್ಷ ಕೆರೆ ತುಂಬದೇ ಇದ್ದ ಕಾಲದಲ್ಲಿ, ಕೋಡಿ ಕಾಲುವೆಯ ಪಕ್ಕದ ನಮ್ಮ ಹೊಲದಲ್ಲಿ ಹದಿನಾಲ್ಕು ಶೀಟ್ ಮನೆ ಎಬ್ಬಿಸಿದೆ. ಪಾಯ ತೋಡುವ ದಿನ ಹನುಮಯ್ಯ ಬಂದು ನಿಂತ.

“ಇಲ್ ಕಟ್ಬ್ಯಾಡ ಕಣಪ್ಪ ರಾಜೇಂದ್ರ.”

“ಕೋಡಿ ಬಿದ್ದು ಎಷ್ಟು ವರ್ಷ ಆಯ್ತು ಹೇಳು ನೋಡೋಣ?”

ಬೀಡಿ ಹಚ್ಚಿದ. “ಮೂರ್ ವರ್ಸ.”

“ಮತ್ತೆ?”

“ಮತ್ತೇನಿಲ್ಲ. ಕಟ್ಬ್ಯಾಡ, ಅಷ್ಟೆ.”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ಮನೆಗಳ ಪಾಯವನ್ನು ಕಾಲುವೆಯ ಒಳಕ್ಕೇ ಎರಡು ಅಡಿ ಸರಿಸಿದೆ. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಆ ಮನೆಗಳಿಗೆ ಬಂದವರೆಲ್ಲ ಯಾದಗಿರಿ, ರಾಯಚೂರಿನ ಕಡೆಯವರು. ಅವರಲ್ಲಿ ದೇವಕ್ಕ ಎಂಬಾಕೆ ೨೦೧೧ರಲ್ಲಿ ಬಂದಳು. ಗಂಡ ಗಂಗಪ್ಪ ಕಂಬಿ ಕಟ್ಟುವ ಕೆಲಸದವನು, ಆಕೆ ಗಾರೆ ಹೊರುವವಳು. ಕಾಲುವೆಯ ಅಂಚಿನ ಮೊದಲನೆಯ ಮನೆ ಅವರದು. ನಲ್ಲಿಯ ಹತ್ತಿರ ಜಗಳವಾದರೆ ತೀರ್ಪು ಹೇಳುವುದು ದೇವಕ್ಕ. ನನ್ನ ಜೊತೆ ಜಗಳವಾಡಲು ಉಳಿದ ಹದಿಮೂರು ಮನೆಯವರು ಕಳಿಸುತ್ತಿದ್ದುದೂ ಆಕೆಯನ್ನೇ.

ಇನ್ನು ಮಳೆಯ ವಿಷಯ. ಹನುಮಯ್ಯನ ಮನೆಯಲ್ಲಿ ತಲೆಮಾರುಗಳಿಂದ ಬಂದ ಲೆಕ್ಕ ಒಂದೇ: ಸ್ವಾತಿ ಮಳೆ ಹುಟ್ಟುವ ತನಕ ಗಂಡಿಗೆ ಕೈ ಹಾಕುವಂತಿಲ್ಲ. ಸ್ವಾತಿ ಬರುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಆಮೇಲೆ, ಅಕ್ಟೋಬರ್ ಕೊನೆಯಲ್ಲಿ. ಅಷ್ಟರಲ್ಲಿ ದೊಡ್ಡ ಮಳೆಗಳೆಲ್ಲ ಸುರಿದು ಮುಗಿದಿರುತ್ತವೆ, ಮೇಲಿನಿಂದ ಬರುವ ನೀರು ತೆಳ್ಳಗಾಗಿರುತ್ತದೆ. ಆಗ ಕಟ್ಟಿದರೆ ಕೆರೆಯ ಮಣ್ಣಿನ ಏರಿಗೆ ಅಪಾಯವಿಲ್ಲ. ಈ ಲೆಕ್ಕ ೨೦೧೨ರ ಹೊತ್ತಿಗೆ ಕೈಕೊಟ್ಟಿತು. ಆ ವರ್ಷ ಮಳೆ ಸ್ವಾತಿಗೆ ಒಂದು ತಿಂಗಳು ಮುಂಚೆಯೇ, ಹಸ್ತದಲ್ಲಿ, ನಿಂತುಹೋಯಿತು. ನಾಲ್ಕು ದಿನ ಹರಿದ ಕೋಡಿ ಬತ್ತಿತು. ಸ್ವಾತಿಯಲ್ಲಿ ಹನುಮಯ್ಯ ಕಟ್ಟಲು ಹೋದಾಗ ನೀರು ಗಂಡಿಯ ಹೊಸ್ತಿಲಿಗಿಂತ ಗೇಣು ಕೆಳಗಿತ್ತು. ಕೆರೆ ಸಮಿತಿಯ ಅಧ್ಯಕ್ಷ ಮುನೀಂದ್ರ ಎಲ್ಲರ ಎದುರಿಗೆ ಅವನನ್ನು ಆಡಿಕೊಂಡ. “ಏನಯ್ಯಾ, ನೀರೆಲ್ಲ ಓದ್ಮೇಲೆ ಬಾಗ್ಲು ಆಕ್ತೀಯಾ?”

ಹನುಮಯ್ಯ ಹೋಗಿ, ಹಿಂದೆ ಹೊಲಕ್ಕೆ ನೀರು ಬಿಡುತ್ತಿದ್ದ, ಈಗ ಹೂಳು ತುಂಬಿ ಮುಚ್ಚಿಹೋದ ತೂಬಿನ ಕಂಬದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದ. ಅಲ್ಲಿಂದ ಮುಂದೆ ಪ್ರತಿ ಮಳೆ ಮುಗಿದ ದಿನವೂ ನೀರಿನ ಮಟ್ಟಕ್ಕೆ ಗೆರೆ ಎಳೆಯತೊಡಗಿದ. ಮಾರನೆಯ ವರ್ಷ ಸ್ವಾತಿಗೆ ಕಾಯದೆ ಚಿತ್ತೆಯಲ್ಲೇ ಕಟ್ಟಿದ. ನೀರು ನಿಂತಿತು. ಅದರ ಮಾರನೆಯ ವರ್ಷ ಇನ್ನೂ ಮುಂಚೆ, ಹಸ್ತದಲ್ಲಿ. ಆಗಲೂ ನಿಂತಿತು. ಅಪ್ಪ ಅಜ್ಜಂದಿರ ಲೆಕ್ಕವನ್ನು ಅರವತ್ತೈದನೆಯ ವಯಸ್ಸಿನಲ್ಲಿ ಬದಲಾಯಿಸಿದ ಮನುಷ್ಯ ಅವನು. ಊರು ಹೊಗಳಿತು. ಮುನೀಂದ್ರ ಶಾಲು ಹೊದಿಸಿದ. ಹನುಮಯ್ಯ ಆ ಶಾಲನ್ನು ಸನಿಕೆಯ ಹಿಡಿಗೆ ಸುತ್ತಿಕೊಂಡು ಮನೆಗೆ ಹೋದ.

ಹದಿನಾರರಲ್ಲಿ ಮಳೆಯೇ ಬರಲಿಲ್ಲ. ಕೆರೆಯ ತಳ ಬಿರುಕು ಬಿಟ್ಟಿತು. ಬೋರ್‌ವೆಲ್ಲುಗಳು ಗಾಳಿ ಉಗುಳಿದವು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ನೆನಪು ಎಲ್ಲರ ಮೈಯಲ್ಲೂ ಹಸಿಯಾಗಿತ್ತು. ಹೀಗಾಗಿ ಹದಿನೇಳರ ಆಗಸ್ಟಿನಲ್ಲಿ ಮಳೆ ಹುಯ್ದು, ಸೆಪ್ಟೆಂಬರಿನಲ್ಲಿ ಉತ್ತರೆ ಮಳೆಗೆ ಕೋಡಿ ಬಿದ್ದಾಗ ಜನ ಹುಚ್ಚೆದ್ದು ಕುಣಿದರು. ಕೂಡಲೇ ಗಂಡಿ ಕಟ್ಟಬೇಕೆಂದು ಮುನೀಂದ್ರ ಹಠ ಹಿಡಿದ. ನಾನೂ ಹೂಂಗುಟ್ಟಿದೆ. ಹನುಮಯ್ಯ ತೂಬಿನ ಗೆರೆಗಳನ್ನು ಬಹಳ ಹೊತ್ತು ನೋಡಿದ. ಐದು ವರ್ಷದ ಗೆರೆಗಳೂ ಒಂದೇ ಮಾತು ಹೇಳುತ್ತಿದ್ದವು: ಹಸ್ತ ಹುಟ್ಟಿದ ಮೇಲೆ ದೊಡ್ಡ ಮಳೆಯಿಲ್ಲ.

“ಕಟ್ತೀನಿ,” ಎಂದ. ಉತ್ತರೆ ಮುಗಿಯುವ ಮುಂಚೆಯೇ ಹತ್ತು ಗಂಡಿಯನ್ನೂ ಒಂದು ಮೊಳದ ಎತ್ತರಕ್ಕೆ ಕಟ್ಟಿದ.

ಹಸ್ತ ಹುಟ್ಟಿತು. ಮಳೆ ಶುರುವಾಯಿತು. ನನ್ನ ಜನ್ಮದಲ್ಲಿ ಅಂಥ ಹಸ್ತ ಮಳೆಯನ್ನು ನೋಡಿರಲಿಲ್ಲ. ದಿನವೂ ಸಂಜೆ ನಾಲ್ಕಕ್ಕೆ ಕವಿದುಕೊಂಡು ಬರುತ್ತಿತ್ತು, ಏಳರ ತನಕ ಜಡಿಯುತ್ತಿತ್ತು. ಮೇಲಿನ ಬಡಾವಣೆಗಳ ರಸ್ತೆಗಳೆಲ್ಲ ಡಾಂಬರು, ಕಾಂಕ್ರೀಟು. ನೆಲ ಕುಡಿಯಬೇಕಾದ ನೀರೂ ನೇರ ಕೆರೆಗೆ ನುಗ್ಗಿತು. ಎಂಟನೆಯ ದಿನಕ್ಕೆ ನೀರು ಕಟ್ಟಿದ ಮಣ್ಣನ್ನು ಮೀರಿ ಹರಿಯತೊಡಗಿತು. ಒಂಬತ್ತನೆಯ ದಿನ ಬೆಳಿಗ್ಗೆ ಹನುಮಯ್ಯ ನನ್ನ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಸ್ಟೀಲ್ ಚೊಂಬು. ಒಳಗೆ ಕೆಂಪು ಕದಡು ನೀರು.

“ಏರಿ ಬುಡದಾಗೆ ಜಿನುಗ್ತಾ ಐತೆ,” ಎಂದ. “ನಿನ್ನೆ ತಿಳೀಗಿತ್ತು. ತಿಳಿ ನೀರಾದ್ರೆ ಭಯ ಇಲ್ಲ. ಇವತ್ತು ಮಣ್ಣು ಬರ್ತಾ ಐತೆ.”

ಏರಿ ಒಳಗಿಂದ ಕರಗುತ್ತಿದೆ ಎಂದರ್ಥ. ಒಡೆದರೆ ಇಡೀ ಕೆರೆ ಒಂದೇ ಸಲಕ್ಕೆ ನನ್ನ ಹದಿನಾಲ್ಕು ಮನೆಗಳ ಮೇಲೆ ಬರುತ್ತದೆ.

ಇಬ್ಬರೂ ಮುನೀಂದ್ರನ ಹತ್ತಿರ ಓಡಿದೆವು. ಅವನು ಮುಖ ಗಂಟು ಹಾಕಿಕೊಂಡ. “ಇನ್ನೆರಡು ದಿನಕ್ಕೆ ಮಳೆ ನಿಲ್ಲುತ್ತೆ ಅಂತ ಟೀವೀಲಿ ಹೇಳ್ತಾವ್ರೆ. ಓದ ವರ್ಷ ಕುಡಿಯೋಕೆ ನೀರಿರಲಿಲ್ಲ, ಮರ್ತ್‌ಬಿಟ್ರಾ? ಒಂದು ಮೊಳ ನೀರು ಸುಮ್ನೆ ಚೆಲ್ಲೋಕೆ ನಾನು ಬಿಡಲ್ಲ.”

ಹನುಮಯ್ಯ ಚೊಂಬನ್ನು ಅವನ ಮುಂದೆ ಜಗಲಿಯ ಮೇಲಿಟ್ಟ. “ತಪ್ಪು ನಂದು ಸ್ವಾಮಿ. ಮಳೆ ಈಗ ಬೇಗ ಮುಗೀತದೆ ಅಂದ್ಕಂಡೆ. ಅಂಗಲ್ಲ, ಮಳೆಗೆ ಈಗ ಗೊತ್ತಾದ ಕಾಲಾನೇ ಇಲ್ಲ. ಕಟ್ಟಿದೋನು ನಾನು, ಬಿಡೋನೂ ನಾನೇ. ನಿಮ್ಮನ್ನ ಕೇಳಾಕ್ ಬಂದಿಲ್ಲ, ಯೋಳಾಕ್ ಬಂದೆ.”

ಅವನ ಬಾಯಲ್ಲಿ ಒಮ್ಮೆಗೇ ಅಷ್ಟು ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮುನೀಂದ್ರ ಚೊಂಬಿನೊಳಗೆ ಇಣುಕಿ ನೋಡಿದ. ಆಮೇಲೆ ತಡೆಯಲಿಲ್ಲ, ಬರಲೂ ಇಲ್ಲ.

ಗಂಡಿ ಬಿಟ್ಟರೂ ನೀರು ಮನೆಗಳಿಗೆ ನುಗ್ಗುವುದು ಖಂಡಿತವಾಗಿತ್ತು. ಕಾಲುವೆಯನ್ನು ಕಿರಿದು ಮಾಡಿದವನು ನಾನೇ ತಾನೆ? ಆದರೆ ಮೊಣಕಾಲುದ್ದದ ನೀರಿಗೂ ಒಡೆದ ಕೆರೆಗೂ ವ್ಯತ್ಯಾಸವಿದೆ. ಸಂಜೆಯ ಮಳೆಗೆ ಮುಂಚೆ ಕೆಲಸ ಮುಗಿಯಬೇಕಿತ್ತು. ಹನುಮಯ್ಯ ಸನಿಕೆ ಹೆಗಲಿಗಿಟ್ಟು ಕಾಲುವೆಯ ಗುಂಟ ಇಳಿದ. ಹೊಲಗಳಿಲ್ಲ, ದನಗಳಿಲ್ಲ. ಶೀಟ್ ಮನೆಯ ಒಂದೊಂದೇ ಬಾಗಿಲ ಮುಂದೆ ನಿಂತು ಕೂಗಿದ: “ಕೋಡಿ ಬಿಡ್ತೀನಿ! ಸಾಮಾನು ಎತ್ಕಳಿ, ಏರಿ ಮೇಲೆ ಓಗಿ!”

ಭಾನುವಾರವಾದ್ದರಿಂದ ಎಲ್ಲರೂ ಮನೆಯಲ್ಲಿದ್ದರು. ದೇವಕ್ಕ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ವಿಷಯ ಕೇಳಿ ಆಕೆಯ ಕಣ್ಣು ಕೆಂಪಾಯಿತು.

“ನೀವ ಕಟ್ಟೀರಿ, ನೀವ ಬಿಡ್ತೀರಿ. ನಡುವ ಕುಂತಾವರು ನಾವು. ಕಟ್ಟೂ ಮುಂದ ನಮ್ಮನ್ನ ಒಂದ ಮಾತ ಕೇಳಿದ್ರೇನ್ರಿ ಅಜ್ಜಾರ?”

ಹನುಮಯ್ಯ ಟವೆಲ್ಲು ಬಿಚ್ಚಿ ಕೈಗೆ ತೆಗೆದುಕೊಂಡ. “ಇಲ್ಲ ಕಣವ್ವ. ಕೇಳಲಿಲ್ಲ.”

ಆಕೆ ನನ್ನ ಕಡೆ ತಿರುಗಿದಳು. ಒಳಗೆ ಹೋಗಿ ಅಕ್ಕಿ ಚೀಲ ಎತ್ತಿಕೊಂಡು ಬಂದು ನನ್ನ ಹೆಗಲ ಮೇಲೆ ಹಾಕಿದಳು. ಆವತ್ತು ನಾನು ಹದಿನಾಲ್ಕು ಮನೆಯ ಸಾಮಾನು ಹೊತ್ತೆ. ಟ್ರಂಕು, ಗ್ಯಾಸ್ ಸಿಲಿಂಡರು, ಒಂದು ಟೀವಿ, ಹಾಸಿಗೆ ಸುರುಳಿಗಳು. ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲರೂ ಜಿನುಗುವ ಜಾಗದಿಂದ ದೂರ, ಗಟ್ಟಿ ನೆಲದ ಕಡೆಯ ಏರಿಯ ತುದಿ ಹತ್ತಿದ್ದರು.

ಹನುಮಯ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗಂಡಿಗೆ ಇಳಿದ. ಹಗ್ಗದ ಇನ್ನೊಂದು ತುದಿಯನ್ನು ಗಂಗಪ್ಪನೂ ನಾನೂ ಹಿಡಿದೆವು. ಹತ್ತನ್ನೂ ಒಮ್ಮೆಗೆ ಬಿಟ್ಟರೆ ಕೆಳಗಿನ ಗೋಡೆಗಳೇ ಕಿತ್ತುಹೋಗುತ್ತವೆ. ಅವನು ಒಂದು ಗಂಡಿ ಬಿಚ್ಚಿ, ಕಾದು, ಕೆಳಗಿನ ನೀರು ನೋಡಿ, ಇನ್ನೊಂದು ಬಿಚ್ಚುತ್ತಿದ್ದ. ಹದಿನೈದು ದಿನದ ಹಿಂದೆ ತಾನೇ ತುಳಿದು ತುಳಿದು ಗಟ್ಟಿ ಮಾಡಿದ್ದ ಮಣ್ಣು. ಆರನೆಯ ಗಂಡಿಯಲ್ಲಿ ಕಾಲು ಜಾರಿತು. ನಾವು ಎಳೆದೆವು. ಎದ್ದು ನಿಂತು ಮತ್ತೆ ಸನಿಕೆ ಎತ್ತಿದ. ಕೆಳಗೆ ದೇವಕ್ಕನ ಮನೆಯ ಹೊಸ್ತಿಲು ಮುಳುಗಿತು, ಆಮೇಲೆ ಒಲೆಯ ಕಟ್ಟೆ ಮುಳುಗಿತು. ಆಕೆ ಏರಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ನನಗೆ ಆಕೆಯ ಕಣ್ಣಿಗೆ ಕಣ್ಣು ಕೊಡುವ ಧೈರ್ಯ ಬರಲಿಲ್ಲ.

ನಾಲ್ಕಕ್ಕೆ ಮಳೆ ಬಂತು. ಅಷ್ಟರಲ್ಲಿ ಹತ್ತೂ ಗಂಡಿ ಬಿಟ್ಟಾಗಿತ್ತು. ಏರಿ ನಿಂತಿತು. ನಾಲ್ಕು ದಿನ ಎಲ್ಲರೂ ಶಾಲೆಯಲ್ಲಿ ಮಲಗಿದರು. ನೀರು ಇಳಿದ ಮೇಲೆ ಕಾಲುವೆಯ ಒಳಕ್ಕೆ ಬಂದಿದ್ದ ನಾಲ್ಕು ಮನೆಗಳನ್ನು ನಾನು ಕೆಡವಿಸಿದೆ. ದೇವಕ್ಕನ ಕುಟುಂಬ ಖಾಲಿಯಾದ ಐದನೆಯ ಮನೆಗೆ ಬಂತು. ಈಗಲೂ ಕೋಡಿಯ ಕೆಳಗೇ.

ಮಾರನೆಯ ವರ್ಷ ಕೆರೆ ಮತ್ತೆ ಕೋಡಿಯ ಮಟ್ಟಕ್ಕೆ ಬಂದಿತ್ತು. ಹಸ್ತ ಹುಟ್ಟಿದ ದಿನ ಹನುಮಯ್ಯ ಸಮಿತಿಗೆ ಹೋಗಲಿಲ್ಲ. ನೇರ ಐದನೆಯ ಮನೆಯ ಬಾಗಿಲಿಗೆ ಹೋಗಿ ನಿಂತ.

“ಗಂಡಿ ಕಟ್ಲೋ ಬ್ಯಾಡ್ವೋ, ನೀನೇ ಯೋಳವ್ವ.”

ದೇವಕ್ಕ ನಗಬೇಕೋ ಬೈಯಬೇಕೋ ತಿಳಿಯದೆ ಅವನ ಮುಖ ನೋಡಿದಳು. ಆಮೇಲೆ ಕೋಡಿಗೆ ಹತ್ತಿ ಹೋಗಿ, ನೀರು ನೋಡಿ, ತೂಬಿನ ಗೆರೆಗಳ ಅರ್ಥ ಕೇಳಿ ತಿಳಿದುಕೊಂಡು ಹೇಳಿದಳು: “ಆರು ಪೂರಾ ಕಟ್ರಿ. ನಾಕು ಅರ್ಧಕ್ಕ ನಿಲ್ಲಸ್ರಿ.”

ಆ ವರ್ಷ ಆಮೇಲೆ ಮಳೆಯೇ ಬರಲಿಲ್ಲ. ಅರ್ಧ ಮೊಳ ನೀರು ವ್ಯರ್ಥವಾಗಿ ಹರಿದುಹೋಯಿತು. ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಒಂದು ತಿಂಗಳು ಮುಂಚೆಯೇ ಸೋತವು. ಟ್ಯಾಂಕರಿನ ಸಾಲಿನಲ್ಲಿ ಮುನೀಂದ್ರ ಹನುಮಯ್ಯನನ್ನು ಹಿಡಿದು ಝಾಡಿಸಿದ. “ಯಾರ ಮಾತು ಕೇಳ್ಕೊಂಡು ಅರ್ಧಕ್ಕೆ ನಿಲ್ಲಿಸಿದೆ?”

“ನಾನೇ ನಿಲ್ಲಿಸ್ದೆ,” ಎಂದ ಹನುಮಯ್ಯ.

ಹಿಂದಿನಿಂದ ದೇವಕ್ಕ ಎರಡು ಕೊಡ ಹಿಡಿದು ಮುಂದೆ ಬಂದಳು. “ಅಲ್ರಿ, ನಾ ಹೇಳಿದ್ದು. ನಾನೂ ಇದ ಸಾಲಿನ್ಯಾಗ ನಿಂತೀನಿ, ನೋಡ್ರಿ. ಎರಡ ವರ್ಷದ ಹಿಂದ ನನ್ನ ಮನಿ ನೀರಾಗ ನಿಂತಿತ್ತು. ನನಗ ಅದಕ್ಕಿಂತ ಇದ ಪಾಡು.”

ಮುನೀಂದ್ರ ತನ್ನ ಕೊಡ ಎತ್ತಿಕೊಂಡು ಸಾಲಿಗೆ ಸೇರಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಸರದಿಯನ್ನು ಆಕೆಗೆ ಬಿಟ್ಟುಕೊಟ್ಟೆ. ಆಕೆ ಧನ್ಯವಾದವನ್ನೇನೂ ಹೇಳಲಿಲ್ಲ.

ಹತ್ತೊಂಬತ್ತರ ಅಕ್ಟೋಬರಿನಲ್ಲಿ ಹನುಮಯ್ಯನ ಮಂಡಿ ಮಡಚದಂತಾಯಿತು. ಮಗ ಪೀಣ್ಯದಲ್ಲಿ ಲೇತ್ ಕೆಲಸದವನು, ಅವನಿಗೆ ಕೆರೆಯ ಗೊಡವೆ ಬೇಡ. ಗಂಡಿ ಕಟ್ಟುವ ದಿನ ಹನುಮಯ್ಯ ಕೋಲೂರಿಕೊಂಡು ಬಂದು ಏರಿಯ ಮೇಲೆ ಕೂತ. ಸನಿಕೆಯನ್ನು ದೇವಕ್ಕನ ಕೈಗೆ ಕೊಟ್ಟ.

“ಕಟ್ಟಿದೋರೇ ಬಿಡಬೇಕು. ಗೊತ್ತಲ್ಲ?”

“ಗೊತ್ತೈತ್ರಿ.”

ಸೀರೆಯನ್ನು ಎತ್ತಿ ಕಟ್ಟಿ ಆಕೆ ನೀರಿಗಿಳಿದಳು. ಮಣ್ಣು, ಹುಲ್ಲು, ಮತ್ತೆ ಮಣ್ಣು. ಗಾರೆ ಹೊತ್ತು ಪಳಗಿದ ಕೈ, ಬೇಗ ಬೇಗ ಸಾಗಿತು. ಆರು ಗಂಡಿ ಪೂರಾ ಕಟ್ಟಿದಳು. ಏಳನೆಯದು ಅರ್ಧಕ್ಕೆ ಬಂದಾಗ ಹನುಮಯ್ಯನ ಕಡೆ ನೋಡಿದಳು. ಅವನು ಬೀಡಿ ಹಚ್ಚುತ್ತಿದ್ದ. ದೇವಕ್ಕ ತಿರುಗಿ ಕೆಳಗೆ ತನ್ನ ಮನೆಯ ಕಡೆ ನೋಡಿದಳು. ಅಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು. ಇನ್ನೊಂದು ಹಿಡಿ ಮಣ್ಣು ಕೈಯಲ್ಲಿತ್ತು. ಅದನ್ನು ನೀರಿಗೆ ಬಿಟ್ಟು, ಕೈ ತೊಳೆದುಕೊಂಡು, ಎಂಟನೆಯ ಗಂಡಿಗೆ ಹೋದಳು.