ಕತ್ತಿನ ಮೊದಲೆರಡು ಮೂಳೆ

ಮುಳಬಾಗಿಲಿನಲ್ಲಿ ನಮ್ಮ ಬೀದಿಯ ಕ್ಷೌರಿಕ ಹುಣಸೆ ಮರದ ಕೆಳಗೆ ಕೂರುತ್ತಿದ್ದ. ಕೆಲಸ ಮುಗಿದ ಮೇಲೆ ಗಿರಾಕಿಯ ಗದ್ದ ಹಿಡಿದು, ತಲೆಯನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸಿ ಲಟಿಕೆ ತೆಗೆಯುತ್ತಿದ್ದ. ಆ ಲಟಕ್ ಸದ್ದಿನ ಸುಖಕ್ಕಾಗಿಯೇ ಎಷ್ಟೋ ಜನ ಬರುತ್ತಿದ್ದರು.

ನಾನಾಗ ಕೋಲಾರದಲ್ಲಿ ಹೈಸ್ಕೂಲು ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿಕೊಂಡು ಮನೆಯಲ್ಲಿದ್ದೆ. ಕ್ರಾಪು ಬಿಡುವ ಆಸೆಯಿತ್ತು. ಅವನು ನಮ್ಮಪ್ಪನ ಮಾತು ಕೇಳಿ ಮುಂದಲೆಯನ್ನೆಲ್ಲ ನುಣ್ಣಗೆ ಬೋಳಿಸಿಬಿಟ್ಟ. ಆ ಸಿಟ್ಟಿಗೆ ನಾನು ಮಾಡಿದ್ದನ್ನು ಹೇಳಲು ಈ ವಯಸ್ಸಿನಲ್ಲೂ ನಾಚಿಕೆ.

ಅರಳಿಕಟ್ಟೆಯಲ್ಲಿ ಕೂತವರಿಗೆ ಶರೀರಶಾಸ್ತ್ರದ ಪಾಠ ಹೇಳಿದೆ. ಕತ್ತಿನ ಮೊದಲ ಮೂಳೆ ಸಿಂಬೆಯಂತೆ ದುಂಡಗಿದೆ, ತಲೆ ಅದರ ಮೇಲೆ ಕೂತಿದೆ. ಎರಡನೆಯ ಮೂಳೆಯಿಂದ ಹಲ್ಲಿನಂಥ ಗೂಟವೊಂದು ಎದ್ದು ಆ ಸಿಂಬೆಯೊಳಗೆ ನಿಂತಿದೆ. ಗೂಟದ ಸುತ್ತ ಬೀಸುಕಲ್ಲು ತಿರುಗುವಂತೆ, ‘ಇಲ್ಲ’ ಎನ್ನುವಾಗ ತಲೆ ತಿರುಗುತ್ತದೆ. ಗೂಟದ ಹಿಂದೆಯೇ ಬೆನ್ನುಹುರಿ. ಗೂಟ ಜಾರಿ ಅದನ್ನು ಒತ್ತಿದರೆ ಪ್ರಾಣಕ್ಕೇ ಅಪಾಯ.

ಇಷ್ಟು ನಿಜ. ಅಲ್ಲಿಗೆ ನಿಲ್ಲಿಸದೆ, “ಮೊನ್ನೆ ಕೋಲಾರದಲ್ಲಿ ಲಟಿಕೆ ತೆಗೆಸಿಕೊಂಡೋನು ಕೂತಲ್ಲೇ ಹೋದ” ಎಂದು ಸೇರಿಸಿದೆ. ಅದು ಶುದ್ಧ ಸುಳ್ಳು.

ಮರುದಿನದಿಂದ ಹುಣಸೆ ಮರದ ಕಡೆ ಯಾರೂ ಸುಳಿಯಲಿಲ್ಲ. ನಮ್ಮ ಸೋದರಮಾವನಂತೂ ಯಾರಾದರೂ ಕರೆದರೆ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ನಾನು ಒಳಗೊಳಗೇ ನಗುತ್ತಿದ್ದೆ.

ಹದಿನೈದು ದಿನವಾದ ಮೇಲೆ ಕ್ಷೌರಿಕ ಮನೆಗೇ ಬಂದ.

“ಸಾಮಿ, ನೀವು ಓದಿದೋರು. ಆ ಮೂಳೆ ಎಲ್ಲೈತೆ, ತೋರ್ಸಿ. ನನ್ನ ಕೈಯಾಗೂ ಯಾರಾದ್ರೂ ಹಂಗೇ ಹೋಗಿದ್ರೆ ಏನು ಗತಿ? ನಿದ್ದೆ ಬರ್ತಿಲ್ಲ.”

ಗಿರಾಕಿಗಳು ತಪ್ಪಿಹೋದರೆಂದು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ತಡೆಯಲಾಗಲಿಲ್ಲ. ಅವನನ್ನು ಕರೆದುಕೊಂಡೇ ಅರಳಿಕಟ್ಟೆಗೆ ಹೋಗಿ, “ಕೋಲಾರದಲ್ಲಿ ಯಾರೂ ಸತ್ತಿಲ್ಲ. ತಲೆ ಬೋಳಿಸಿದ ಸಿಟ್ಟಿಗೆ ನಾನೇ ಕಟ್ಟಿ ಹೇಳ್ದೆ” ಎಂದೆ.

ಮಾವ ಎದ್ದು ನಿಂತ. “ಲೇ, ಹದಿನೈದು ದಿನದಿಂದ ಎತ್ತಿನಗಾಡಿ ತಿರುಗ್ದಂಗೆ ತಿರುಗ್ತಾ ಇದೀನಲ್ಲೋ! ಸುಳ್ಳು ಹೇಳೋಕೆ ಹೈಸ್ಕೂಲು ಬೇಕಿತ್ತೇನೋ?”

ಕ್ಷೌರಿಕನೂ ನಕ್ಕುಬಿಟ್ಟ. ಆದರೂ ಮೂಳೆಯ ಪಾಠ ನಿಜವೇ ಎಂದು ನಾನು ಹೇಳಿದಾಗ, ಸ್ವಲ್ಪ ಯೋಚಿಸಿ, “ಹಂಗಾದ್ರೆ ಕತ್ತು ಬೇಡ, ಬೆರಳಿಗಷ್ಟೇ ತೆಗೀತೀನಿ” ಎಂದ.

ಮರುದಿನ ಮರದ ಕೆಳಗೆ ಸಾಲು ಕಟ್ಟಿತ್ತು. ಗಡ್ಡ ಸವರಿಕೊಂಡು ನಾನೂ ಹೋದೆ.

“ಜನ ಕಾಯ್ತಾವ್ರೆ ಸಾಮಿ, ನೀವು ಕೊನೇಗೆ” ಎಂದ.

ಮಧ್ಯಾಹ್ನದವರೆಗೂ ಕೂತಿದ್ದೆ.