ನರಸಿಂಹಸ್ವಾಮಿಗೆ ಸಿಗದ ಗಿಣ್ಣು

ನೋಡ್ರಪ್ಪಾ, ಇವತ್ತು ನಮ್ಮನೇಲಿ ನರಸಿಂಹಸ್ವಾಮಿಗೇ ಎಡೆ ತಪ್ಪಿಹೋಯ್ತು.

ಮಗಳು ಹೆರಿಗೆಗೆ ಅಂತ ಅರಕಲಗೂಡಿಂದ ಹೊಳೆನರಸೀಪುರಕ್ಕೆ ಬಂದಿದ್ದಾಳೆ. ಬಂದಾಗಿಂದ ಗಿಣ್ಣು ತಿನ್ನೋ ಬಯಕೆ. ಹಾಸನದ ಡಾಕ್ಟರಮ್ಮ ಮೊದಲೇ ಹೇಳಿದ್ದರು, "ಹಸಿ ಹಾಲು, ಹಸಿ ಹಾಲಿನ ಮೆತ್ತನೆ ಚೀಸು ಬಸುರಿಗೆ ಬೇಡ. ಗಿಣ್ಣಾದರೂ ಅಷ್ಟೇ, ಒಳಗಿನ ತನಕ ಬೇಯಿಸಿ ಬಿಸಿಬಿಸಿ ಕೊಡಿ" ಅಂತ.

ಪಕ್ಕದ ಮನೆ ಹಸು ಈದು, ಬೆಳಿಗ್ಗೆ ಗಿಣ್ಣುಹಾಲು ಬಂತು. ಬೆಲ್ಲ, ಏಲಕ್ಕಿ ಹಾಕಿ, ನಡುಮಧ್ಯವೂ ಗಟ್ಟಿಯಾಗೋವರೆಗೆ ಹಬೆಯಲ್ಲಿ ಬೇಯಿಸಿದೆ. ಗಿಣ್ಣು ಮೊದಲು ದೇವರಿಗೆ, ಆಮೇಲೆ ನಮಗೆ. ಅದು ನಮ್ಮಲ್ಲಿ ನಡೆದುಬಂದದ್ದು. ತಟ್ಟೆಯನ್ನು ದೇವರ ಮುಂದಿಟ್ಟು, ಹೂ ಕಿತ್ತು ಬರೋದರೊಳಗೆ ಅರ್ಧ ಖಾಲಿ! ಮಗಳು ಬಿಸಿ ತುಂಡು ಬಾಯಲ್ಲಿಟ್ಟುಕೊಂಡು ಹಾ ಹೂ ಅಂತ ಕೂತಿದ್ದಾಳೆ.

"ಏನೇ ಇದು! ಮಂಗಳಾರತಿವರೆಗೂ ತಡೆಯೋಕಾಗ್ಲಿಲ್ವಾ?"

"ಡಾಕ್ಟರು ಬಿಸಿ ಇದ್ದಾಗ್ಲೇ ತಿನ್ನು ಅಂದವ್ರೆ ಕಣಮ್ಮ. ನಿನ್ನ ಸಹಸ್ರನಾಮ ಮುಗಿಯೋ ಹೊತ್ಗೆ ಇದು ಐಸಾಗ್ತಿತ್ತು!"

ಎಂಜಲು ದೇವರಿಗಿಡೋಕಾಗುತ್ತಾ? ಒಂದು ಅಚ್ಚು ಬೆಲ್ಲ ಇಟ್ಟು ಕೈಮುಗಿದೆ. ಸ್ವಾಮಿ ಅಷ್ಟಕ್ಕೇ ಒಪ್ಪಿಕೊಂಡ. ತುಂಬು ಬಸುರಿ ಹತ್ರ ಜಗಳ ಆಡೋ ಧೈರ್ಯ ಆ ಉಗ್ರಮೂರ್ತಿಗೂ ಇಲ್ಲ ಅಂತ ಕಾಣುತ್ತೆ.