ಹಕ್ಕಿಯ ಕಾಲಲ್ಲಿ ಕೆರೆ ಅಳೆಯುವ ದಾಸಮ್ಮ

"ಬಕ ಈಜ್ತಂತೆ, ಬಕ! ಇವತ್ತು ಬಕ ಈಜ್ತು, ನಾಳೆ ಏಡಿ ಹಾರ್ತದೆ ಬುಡಕ್ಕ. ಮೊದ್ಲು ದಾರಿ ಬುಡು, ಕುರಿ ನೀರಿಗಿಳೀಲಿ."

ಕುರಿ ಮೇಯಿಸುವ ಓಬಯ್ಯನ ಈ ಮಾತಿಗೆ ದಾಸಮ್ಮ ಜಗ್ಗುವುದಿಲ್ಲ. ಕೈಯಲ್ಲಿದ್ದ ಬಿದಿರು ಗಳವನ್ನು ದಾರಿಗೆ ಅಡ್ಡ ಹಿಡಿದು ನಿಲ್ಲುತ್ತಾರೆ, ಅಷ್ಟೇ. ಜಾಲಿಹಳ್ಳಿ ಕೆರೆಯ ಏರಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ಓಬಯ್ಯನ ಬೆನ್ನಿಗೆ ನೂರ ನಲವತ್ತು ಕುರಿಗಳು ಒಂದನ್ನೊಂದು ತಳ್ಳಿಕೊಂಡು ನಿಂತಿವೆ. ಅವುಗಳ ಮೈ ತೊಳೆದು, ಬಿಸಿಲಿಗೆ ಒಣಗಿಸಿ, ಇವತ್ತೇ ಉಣ್ಣೆ ಕತ್ತರಿಸಬೇಕು. ಪಾವಗಡದ ಕಡೆಯಿಂದ ಕತ್ತರಿ ಹಿಡಿದ ನಾಲ್ವರು ಬಂದು ಹಟ್ಟಿಯಲ್ಲಿ ಕಾಯುತ್ತಿದ್ದಾರೆ. ಓಬಯ್ಯನ ತಾತನ ಕಾಲದಿಂದಲೂ ಕುರಿ ತೊಳೆಯುವುದು ಇದೇ ಇಳಿಜಾರಿನಲ್ಲಿ. ಇವತ್ತು ಇಲ್ಲಿ ಬೇಡ, ಸುತ್ತು ಹಾಕಿ ಆಚೆ ದಡಕ್ಕೆ ಹೊಡೆದುಕೊಂಡು ಹೋಗು ಎನ್ನುವುದು ದಾಸಮ್ಮನ ಹಟ. ಕಾರಣ ಕೇಳಿದರೆ, ನಿನ್ನೆ ಬೆಳಗ್ಗೆ ಇಲ್ಲಿ ಬಕ ಈಜಿತು ಎನ್ನುತ್ತಾರೆ.

ನಗು ಬಂದರೆ ಓಬಯ್ಯನ ತಪ್ಪೇನಲ್ಲ. ಬಕ ಎಂದರೆ ಒಂಟಿ ಕಾಲಲ್ಲಿ ತಪಸ್ಸು ಮಾಡುವ ಹಕ್ಕಿ ಎಂದೇ ನಾವೆಲ್ಲ ಕೇಳಿಕೊಂಡು ಬೆಳೆದವರು.

ಐವತ್ತೆಂಟು ವರ್ಷದ ದಾಸಮ್ಮ ಈ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಸರದಿ ತಪ್ಪದಂತೆ ಗದ್ದೆಗಳಿಗೆ ನೀರು ತಿರುಗಿಸುವುದು, ಏರಿಯಲ್ಲಿ ಏಡಿ ಕೊರೆದ ತೂತಿಗೆ ಮಣ್ಣು ಮೆತ್ತುವುದು ಅವರ ಕೆಲಸ. ಬಡವನಹಳ್ಳಿಯಿಂದ ಒಳಗಿರುವ ಈ ಊರಿಗೆ ಹೆಚ್ಚು ಜನ ಬರುವುದಿಲ್ಲ. ಕೊಕ್ಕರೆ ನೋಡಲು ಉದ್ದುದ್ದ ಕ್ಯಾಮೆರಾ ಹೊತ್ತವರು ಶಿರಾ ಕಡೆಗೆ ಹೋಗುತ್ತಾರೆ, ಇತ್ತ ತಿರುಗುವುದಿಲ್ಲ. ಹದಿನೆಂಟು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಆತನ ತೂಬಿನ ಕೆಲಸ ಇವರ ಕೈಗೆ ಬಂತು. ಹೆಂಗಸು ತೂಬು ಮುಟ್ಟಿದರೆ ಕೆರೆ ತುಂಬುವುದಿಲ್ಲ ಎಂದು ಅಡ್ಡ ಮಾತಾಡಿದವರೂ ಇದ್ದರು.

"ಅದೇ ವರ್ಸ ಕೋಡಿ ಬಿತ್ತು ನೋಡಿ," ಎನ್ನುತ್ತಾರೆ ದಾಸಮ್ಮ, ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ. "ಅವತ್ತಿಂದ ಒಬ್ರೂ ಉಸಿರೆತ್ತಿಲ್ಲ."

ಏರಿಯ ಉದ್ದ ಒಂದೂವರೆ ಕಿಲೋಮೀಟರು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಬಂದರೆ ದಿನಕ್ಕೆ ಆರು ಕಿಲೋಮೀಟರು. ಕೆಳಗೆ ಮೂವತ್ತೊಂದು ಮನೆಯವರ ಗದ್ದೆ, ಒಬ್ಬೊಬ್ಬರಿಗೆ ಎರಡು ಗಂಟೆ ನೀರು. ಮೊಬೈಲು ಇದೆ, ಆದರೆ ಅವರು ಹೊತ್ತು ನೋಡುವುದು ಕೊರಟಗೆರೆ ಬಸ್ಸಿನ ಹಾರನ್ನಿನಲ್ಲಿ. ಬಸ್ಸು ತಡವಾದ ದಿನ ಯಾರಿಗೋ ಅರ್ಧ ಗಂಟೆ ನೀರು ಹೆಚ್ಚು ಹರಿಯುತ್ತದೆ, ಮುಂದಿನ ಸರದಿಯಲ್ಲಿ ಅವರಿಗೆ ಅಷ್ಟು ಕಡಿಮೆ.

ತೂಬಿನ ಪಕ್ಕ ಒಂದು ಅಳತೆಗಲ್ಲಿದೆ. ಅದು ತನ್ನ ಬುಡದ ನೀರನ್ನಷ್ಟೇ ಹೇಳುತ್ತದೆ. ಮಿಕ್ಕ ಕೆರೆಯ ಆಳವನ್ನು ದಾಸಮ್ಮನಿಗೆ ಹೇಳುವುದು ಹಕ್ಕಿಗಳು.

"ಕೆಂಪ್ ಕಾಲಿನ ಮೆಟ್ಟುಗಾಲು ಹಕ್ಕಿ ನಿಂತಿದ್ರೆ ಅಲ್ಲಿ ಗೇಣು ನೀರು. ಬಕ ನಿಂತಿದ್ರೆ ಮೊಳ. ಬೆಳ್ಳಕ್ಕಿ ಇವೆರಡರ ಮಧ್ಯೆ. ಬಾತುಕೋಳಿ ಮಾತ್ ಮಾತ್ರ ಕೇಳ್ಬಾರ್ದು, ಅದು ಎಲ್ ಬೇಕಾದ್ರೂ ತೇಲ್ತದೆ. ಕಾಲೂರೋ ಹಕ್ಕಿ ಸುಳ್ಳೇಳಲ್ಲ."

ಹಾಗೆ ಕಾಲೂರುವ ಹಕ್ಕಿ ಈಜಿದರೆ? ನಿನ್ನೆಯ ಕತೆ ಅದೇ. ಇಳಿಜಾರಿನಿಂದ ನಾಲ್ಕು ಮಾರು ದೂರದಲ್ಲಿ, ತಾನು ಪ್ರತಿ ವರ್ಷ ನಿಲ್ಲುವ ಜಾಗಕ್ಕೇ ಬಕ ಹಾರಿ ಬಂದು ಇಳಿಯಿತು. ಕಾಲಿಗೆ ನೆಲ ಸಿಗಲಿಲ್ಲ. ಎದೆಯವರೆಗೂ ನೀರಿಗೆ ಕುಸಿದು, ರೆಕ್ಕೆ ಮಡಿಸಿಕೊಂಡು, ಕತ್ತು ನೆಟ್ಟಗೆ ಮಾಡಿ ಬಾತಿನ ಹಾಗೆ ತೇಲಿತು. ಕಾಲು ಬಡಿದು ಬಡಿದು ದಡದ ಕಡೆಗೆ ಬಂದು, ನೆಲ ಸಿಕ್ಕಿದ ಮೇಲೆ ಮೈ ಕೊಡವಿಕೊಂಡಿತು.

"ನೆಂಟ್ರ ಮನೇಲಿ ಕೂತ್ಕಳಕ್ಕೋಗಿ ಮಣೆ ಇಲ್ದಂಗಾಯ್ತು ಅದಕ್ಕೆ, ಪಾಪ," ಎನ್ನುತ್ತಾರೆ ದಾಸಮ್ಮ.

ನಲವತ್ತು ವರ್ಷದಿಂದ ಹಕ್ಕಿ ನೋಡುತ್ತಿರುವ ಕೊರಟಗೆರೆಯ ನಿವೃತ್ತ ಮೇಷ್ಟ್ರು ನಂದೀಶ್ವರಯ್ಯ ಬಕ ಈಜಿದ ಮಾತನ್ನು ತಳ್ಳಿಹಾಕುವುದಿಲ್ಲ. "ನೀರಲ್ಲಿ ನಡೆಯೋ ಹಕ್ಕಿ ಈಜಲ್ಲ ಅಂತ ಜನ ತಿಳ್ಕೊಂಡಿದ್ದಾರೆ. ಅಪರೂಪ ನಿಜ, ಆದ್ರೆ ಸುಳ್ಳಲ್ಲ. ಆಳದಲ್ಲಿ ಮೀನು ಕಂಡ್ರೆ ಬಕ ನೀರ ಮೇಲೇ ಇಳಿದು, ತೇಲಿ, ಮತ್ತೆ ಹಾರತ್ತೆ. ಮೆಟ್ಟುಗಾಲು ಹಕ್ಕೀನೂ ಕಾಲು ನಿಲುಕದ ಕಡೆ ನಾಲ್ಕು ಮಾರು ಈಜಿ ದಾಟೋದು ನಾನೇ ನೋಡಿದ್ದೀನಿ. ಅದನ್ನ ನೋಡಿ ಕೆರೆಯ ತಳ ಓದಬಹುದು ಅಂತ ಮಾತ್ರ ನಂಗೆ ಗೊತ್ತಿರ್ಲಿಲ್ಲ. ಹೇಳಿಕೊಟ್ಟಿದ್ದು ಈಯಮ್ಮ."

ಏರಿಯ ಮೇಲೆ ಜಗಳ ಇನ್ನೂ ಮುಗಿದಿಲ್ಲ.

"ಲೇ, ನೂರ ನಲವತ್ತು ಕುರಿಗಿಂತ ನೀನೊಬ್ನೇ ಜಾಸ್ತಿ ಅರಚ್ತಿದ್ದೀಯಲ್ಲ, ಆವಕ್ಕ ಹೇಳದ್ನ ಒಂದೀಟು ಕೇಳು," ಎಂದು ಓಬಯ್ಯನ ಹೆಂಡತಿ ಕ್ಯಾತಮ್ಮ ಹಿಂದಿನಿಂದ ಕೂಗುತ್ತಾರೆ.

ದಾಸಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿಯುತ್ತಾರೆ. ಒಂದು ಹೆಜ್ಜೆ, ಗಳ ಊರಿ ನೋಡುವುದು, ಇನ್ನೊಂದು ಹೆಜ್ಜೆ. ಮೊಳಕಾಲ ನೀರಿನಲ್ಲಿ ನಿಂತು ಮುಂದಕ್ಕೆ ಗಳ ಇಳಿಸುತ್ತಾರೆ. ಅದು ಇಳಿಯುತ್ತಲೇ ಹೋಗುತ್ತದೆ. ಎರಡಾಳುದ್ದದ ಗಳ ಪೂರ್ತಿ ಮುಳುಗಿ, ಅವರ ತೋಳು ಮೊಳಕೈವರೆಗೆ ಒದ್ದೆಯಾಗುತ್ತದೆ. ಬೇಸಿಗೆಯಲ್ಲಿ ಯಾರೋ ಜೆಸಿಬಿ ತಂದು ಹೊಲಕ್ಕೆ ಗೋಡುಮಣ್ಣು ತುಂಬಿಕೊಂಡು ಹೋಗಿದ್ದರು. ಈ ದಡದಲ್ಲಿ ಎಷ್ಟು ಕಡೆ ಅಗೆದರೋ ಯಾರಿಗೂ ಗೊತ್ತಿಲ್ಲ; ಗುಂಡಿ ಬಿಟ್ಟು ಹೋದರು, ಮಳೆ ನೀರು ಬಂದು ಮುಚ್ಚಿತು.

ಓಬಯ್ಯನ ಧ್ವನಿ ಇಳಿಯುತ್ತದೆ, ಹಟ ಇಳಿಯುವುದಿಲ್ಲ. "ಒಂದ್ ಗುಂಡಿ ಸಿಕ್ತು, ಸರಿ. ಹತ್ ಮಾರು ಈ ಕಡೆಗೆ ಇಳಿಸ್ತೀನಿ. ಆಚೆ ದಡಕ್ಕೋಗಿ ಬರೋ ಹೊತ್ಗೆ ಕತ್ತರಿಯೋರು ಎದ್ದೋಗ್ತಾರೆ ಕಣಕ್ಕ."

ಆಗ ದಾಸಮ್ಮ ದಡಕ್ಕೆ ಬಂದು, ಗಳ ಕೆಳಗಿಟ್ಟು, ಇಷ್ಟು ದಿನ ಊರಲ್ಲಿ ಯಾರಿಗೂ ಹೇಳದ ಮಾತು ಹೇಳುತ್ತಾರೆ.

"ಮೂರು ವರ್ಸದ ಹಿಂದೆ ಕೋಡಿ ಮೂಲೇಲಿ ಇಂಗೇ ಬಕ ಈಜಿತ್ತು ಕಣಪ್ಪ. ನಾನು ನೋಡಿ ನಕ್ಕಿದ್ದೆ. ಮನೆಗೋಗಿ ಸೊಸೇಗೂ ಹೇಳಿ ನಗಿಸಿದ್ದೆ. ನಾಕನೇ ದಿನಕ್ಕೆ ಚಿಕ್ಕರಂಗಯ್ಯನ ಕುರಿ ಹನ್ನೊಂದು ಅಲ್ಲೇ ಹೋದ್ವು. ಒಂದು ಬಿತ್ತು, ಅದರ ಹಿಂದೆ ಮಿಕ್ಕವು. ನೀರ್ ಕುಡ್ದ ಉಣ್ಣೆ ಎಳ್ಕಂಡೋಯ್ತು. ಅವ್ನು ಯಾವ್ದೋ ದೇವ್ರ ಸಿಟ್ಟು ಅಂದ್ಕಂಡು ಹರಕೆ ತೀರಿಸ್ದ. ಅಲ್ಲಿ ಗುಂಡಿ ಇತ್ತು ಅಂತ ನಂಗೆ ಗೊತ್ತಾಗಿತ್ತು. ಬಾಯ್ ಬುಡ್ಲಿಲ್ಲ. ನೀರುಗಂಟಿ ನಾನು, ನಂದೇ ತಪ್ಪು ಅಂತಾರೆ ಅಂತ."

ಓಬಯ್ಯ ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಳ್ಳುತ್ತಾರೆ. ಚಿಕ್ಕರಂಗಯ್ಯ ಪಕ್ಕದ ಊರಿನವನು, ಇವರಿಗೆ ದೂರದ ನೆಂಟ.

"ಅವ್ನಿಗೇಳಿದ್ಯಾ?"

"ಇಲ್ಲ. ಇವತ್ತು ಬಾಯ್ ಬುಟ್ಟಾಯ್ತಲ್ಲ, ಅವ್ನಿಗೂ ಹೇಳ್ತೀನಿ. ಬಡವನಹಳ್ಳಿ ಸಂತೇಲಿ ಸಿಗ್ತಾನೆ. ಬೈದ್ರೆ ಬಯ್ಯಲಿ."

ಕ್ಯಾತಮ್ಮ ಅಷ್ಟರಲ್ಲಿ ಕುರಿಗಳ ಮುಂಚೂಣಿಯನ್ನು ಏರಿಯ ಕಡೆಗೆ ತಿರುಗಿಸಿಯಾಗಿದೆ.

ಈ ಕೆಲಸದಲ್ಲಿ ನಿಮಗೆ ಇನ್ನೇನಾಗಬೇಕು ಎಂದು ಕೇಳಿದರೆ ದಾಸಮ್ಮ ಜಾಸ್ತಿ ಯೋಚಿಸುವುದಿಲ್ಲ. "ಗೋಡು ಹೊಡ್ಕಂಡೋಗ್ಲಿ, ಹೊಲಕ್ಕೆ ಒಳ್ಳೇದೇ. ಎಲ್ಲಿ ಅಗೆದೆ ಅಂತ ನಂಗೊಂದ್ ಮಾತ್ ಹೇಳೋಗ್ಲಿ. ಅಷ್ಟೇ. ಮನುಸ್ರು ಹೇಳ್ಬೇಕಾದ್ದನ್ನ ಹಕ್ಕಿ ಹತ್ರ ಕೇಳೋ ಗತಿ ಬರ್ಬಾರ್ದು." ಆಮೇಲೆ ಗಳ ಎತ್ತಿಕೊಳ್ಳುತ್ತಾ, ಯಾರಿಗೂ ಅಲ್ಲವೆಂಬಂತೆ ಸೇರಿಸುತ್ತಾರೆ: "ಆದ್ರೂ ಕೇಳಕ್ ಬತ್ತದೆ ನಂಗೆ."

"ಬತ್ತದೆ ಬುಡಕ್ಕ, ಒಪ್ಕಂಡೆ," ಎನ್ನುತ್ತಾರೆ ಓಬಯ್ಯ, ತಿರುಗಿ ನೋಡದೆ ನಡೆಯುತ್ತಾ.

ಮಂದೆ ಆಚೆ ದಡ ಸೇರುವಷ್ಟರಲ್ಲಿ ಬಿಸಿಲು ಏರಿದೆ. ಕುರಿಗಳು ನೀರು ಕಂಡು ಮುನ್ನುಗ್ಗುತ್ತವೆ. ಓಬಯ್ಯ ಕೋಲು ಅಡ್ಡ ಹಿಡಿದು ತಡೆಯುತ್ತಾರೆ. ದಡದಿಂದ ಸ್ವಲ್ಪ ಒಳಗೆ ಎಂಟು ಹತ್ತು ಮೆಟ್ಟುಗಾಲು ಹಕ್ಕಿಗಳು ಸಾಲಾಗಿ ನಿಂತಿವೆ. ಅವುಗಳ ಕೆಂಪು ಕಾಲು ನೀರಿನಿಂದ ಎಷ್ಟು ಮೇಲಕ್ಕೆ ಕಾಣುತ್ತಿದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾ ಅವರು ಬಹಳ ಹೊತ್ತು ನಿಲ್ಲುತ್ತಾರೆ. ಆಮೇಲೆ ಮುಂದಾಳು ಟಗರಿನ ಕೊಂಬು ಹಿಡಿದು, ಅದಕ್ಕಿಂತ ಮೊದಲು ತಾವೇ ನೀರಿಗೆ ಕಾಲಿಡುತ್ತಾರೆ.